ದೃಷ್ಟಿಯಂತೆ ಸಾಧನೆ

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹರದನಹಳ್ಳಿ ಎಂಬ ಗ್ರಾಮವಿದೆ. ಅಲ್ಲಿ 1933ರಲ್ಲಿ ಜನಿಸಿದ ಎಚ್. ಡಿ. ದೇವೇಗೌಡರು 1996ರಲ್ಲಿ ಭಾರತದ ಪ್ರಧಾನಮಂತ್ರಿಗಳಾದುದರಿಂದ ಆ ಊರಿನ ಹೆಸರು ದೇಶಕ್ಕೆಲ್ಲ ತಿಳಿದುಬಂದಿತು. ಆದರೆ ಈ ಪಾಠಕ್ಕೆ ಬೇಕಾದುದು ಅಲ್ಲಿನ ಹೊಲಗದ್ದೆಗಳ ಸಂಗತಿ. ಹೇಮಾವತಿ ನದಿಯ ಕಣಿವೆಗೆ ಸೇರಿದ ಆ ಸೀಮೆಯಲ್ಲಿ ರಾಗಿ, ಭತ್ತ, ಕಬ್ಬು, ತೆಂಗು ಬೆಳೆಯುತ್ತವೆ. ಗದ್ದೆಯಲ್ಲಿ ಕಬ್ಬು ನಿಂತಿರುತ್ತದೆ. ಬದುವಿನ ಮೇಲೆ ಬೇವಿನ ಮರವಿರುತ್ತದೆ. ಬೇಲಿಗೆ ಹಾಗಲ ಬಳ್ಳಿ ಹಬ್ಬಿರುತ್ತದೆ. ಮೂರರ ಬೇರುಗಳೂ ಇಳಿದಿರುವುದು ಒಂದೇ ಮಣ್ಣಿಗೆ. ಹೀರುವುದು ಒಂದೇ ನೀರನ್ನು. ಆ ನೀರು ಕಬ್ಬಿನಲ್ಲಿ ಸಿಹಿಯಾಗುತ್ತದೆ, ಬೇವಿನಲ್ಲಿಯೂ ಹಾಗಲದಲ್ಲಿಯೂ ಕಹಿಯಾಗುತ್ತದೆ. ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಬಿತ್ತಿದ್ದು ಬೆಳೆಯಿತು ಎಂದು ಅವನು ತನ್ನ ಕೆಲಸಕ್ಕೆ ತೊಡಗುತ್ತಾನೆ.

ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗಂಗಾನದಿಯ ಬಯಲಿನಲ್ಲಿ ಊರಿಂದೂರಿಗೆ ನಡೆಯುತ್ತ ಧರ್ಮವನ್ನು ಬೋಧಿಸಿದ ಗೌತಮ ಬುದ್ಧನು ಈ ಸಾಮಾನ್ಯ ನೋಟವನ್ನೇ ದೃಷ್ಟಾಂತವಾಗಿ ಎತ್ತಿಕೊಂಡನು. ಪಾಲಿ ಭಾಷೆಯ ಅಂಗುತ್ತರ ನಿಕಾಯ ಎಂಬ ಗ್ರಂಥದಲ್ಲಿ ಅದು ಉಳಿದುಬಂದಿದೆ. ಬೇವಿನ ಬೀಜವನ್ನೋ ಕಹಿಸೋರೆಯ ಬೀಜವನ್ನೋ ಹಸಿ ಮಣ್ಣಿನಲ್ಲಿ ಊರಿದರೆ, ಅದು ನೆಲದಿಂದ ಹೀರಿದ ಸಾರವೆಲ್ಲವೂ ಕಹಿಯಾಗಿ ಪರಿಣಮಿಸುತ್ತದೆ. ಕಬ್ಬನ್ನೋ ಭತ್ತವನ್ನೋ ದ್ರಾಕ್ಷಿಯನ್ನೋ ಊರಿದರೆ ಅದೇ ಸಾರ ಮಧುರವಾಗುತ್ತದೆ. ಮನುಷ್ಯನ ದೃಷ್ಟಿಯೂ ಇಂತಹ ಬೀಜವೇ. ಅದು ತಪ್ಪಾಗಿದ್ದರೆ ಅವನ ಮಾತು, ಅವನ ಕಾರ್ಯ, ಅವನ ಸಂಕಲ್ಪ, ಕಡೆಗೆ ಅವನ ತಪಸ್ಸು ಕೂಡ ಕಹಿ ಫಲವನ್ನೇ ಕೊಡುತ್ತದೆ ಎಂಬುದು ಅವನ ಬೋಧೆಯ ತಾತ್ಪರ್ಯ.

ಕನ್ನಡದಲ್ಲಿ ದೃಷ್ಟಿ ಎಂಬ ಮಾತಿಗೆ ಹಲವು ಅರ್ಥಗಳುಂಟು. ಕಣ್ಣಿನ ನೋಟ ದೃಷ್ಟಿ. ತಾಯಿ ಮಗುವಿಗೆ ನಿವಾಳಿಸಿ ತೆಗೆಯುವುದೂ ದೃಷ್ಟಿಯೇ. ಬೌದ್ಧರು ಹೇಳುವ ದೃಷ್ಟಿಯಾದರೋ, ತಾನು ಯಾರು, ಲೋಕ ಎಂತಹುದು, ಯಾವುದು ಹಿತ, ಯಾವುದು ಅಹಿತ ಎಂಬ ವಿಷಯಗಳಲ್ಲಿ ಮನುಷ್ಯನು ಒಳಗೊಳಗೇ ಇಟ್ಟುಕೊಂಡಿರುವ ನಿಲುವು. ಬಹುಮಟ್ಟಿಗೆ ಅದು ಅವನಿಗೇ ತಿಳಿದಿರುವುದಿಲ್ಲ. ಆದರೂ ಅವನ ದಿನದ ಪ್ರತಿಯೊಂದು ನಡೆಯೂ ಅದರಂತೆಯೇ ಸಾಗುತ್ತದೆ. ಬುದ್ಧನು ಹೇಳಿದ ಅಷ್ಟಾಂಗ ಮಾರ್ಗದಲ್ಲಿ ಎಂಟು ಅಂಗಗಳಿವೆ: ಸಮ್ಯಕ್ ದೃಷ್ಟಿ, ಸಂಕಲ್ಪ, ವಾಕ್ಕು, ಕರ್ಮ, ಜೀವನೋಪಾಯ, ಪ್ರಯತ್ನ, ಸ್ಮೃತಿ, ಸಮಾಧಿ. ಈ ಎಂಟರಲ್ಲಿ ಮೊದಲನೆಯದಾಗಿ ಸಮ್ಯಗ್ದೃಷ್ಟಿಯನ್ನು ಇರಿಸಿರುವುದು ಕೇವಲ ಎಣಿಕೆಯ ಅನುಕೂಲಕ್ಕಾಗಿ ಅಲ್ಲ. ಸೂರ್ಯೋದಯಕ್ಕೆ ಮುಂಚೆ ಅರುಣೋದಯವಾಗುವಂತೆ, ಎಲ್ಲ ಒಳ್ಳೆಯ ಗುಣಗಳಿಗೂ ಮುಂಚೆ ಸರಿಯಾದ ದೃಷ್ಟಿ ಮೂಡಬೇಕೆಂದು ಬುದ್ಧನು ಬೇರೊಂದು ಸಂದರ್ಭದಲ್ಲಿ ವಿವರಿಸಿದ್ದಾನೆ.

ಸಾಧನೆಯೆಂದೊಡನೆ ಸಾಮಾನ್ಯವಾಗಿ ಜನರ ಮನಸ್ಸಿಗೆ ಬರುವುದು ಕಣ್ಣು ಮುಚ್ಚಿ ಕುಳಿತ ಯೋಗಿಯ ಚಿತ್ರ. ಏಕಾಗ್ರತೆ ದೊರೆತರೆ ಎಲ್ಲವೂ ದೊರೆತಂತೆ ಎಂದು ತಿಳಿದವರೂ ಇದ್ದಾರೆ. ಏಕಾಗ್ರತೆಯೊಂದೇ ಸಾಧನೆಯಾಗಿದ್ದ ಪಕ್ಷದಲ್ಲಿ ಹೊಳೆಯ ದಡದ ಕೊಕ್ಕರೆಗಿಂತ ದೊಡ್ಡ ಸಾಧಕನಿಲ್ಲ. ಒಂದೇ ಕಾಲಿನ ಮೇಲೆ, ರೆಕ್ಕೆ ಅಲುಗಿಸದೆ, ಗಳಿಗೆಗಟ್ಟಲೆ ನೀರಿನಲ್ಲಿ ನೋಟವನ್ನು ನೆಟ್ಟು ಅದು ನಿಲ್ಲಬಲ್ಲದು. ಅದರ ಧ್ಯಾನವೆಲ್ಲ ಮೀನಿಗಾಗಿ. ನಮ್ಮ ಹಿರಿಯರು ಬಕಧ್ಯಾನ ಎಂಬ ಮಾತನ್ನು ಸುಮ್ಮನೆ ಸೃಷ್ಟಿಸಲಿಲ್ಲ. ಮನಸ್ಸು ನಿಂತಿತೋ ಇಲ್ಲವೋ ಎಂದು ಕೇಳುವುದರ ಜೊತೆಗೆ ಯಾವ ದೃಷ್ಟಿಯಿಂದ ನಿಂತಿತು ಎಂದೂ ಕೇಳಬೇಕಾಗುತ್ತದೆ.

ಈ ವಿಷಯವನ್ನು ಮಜ್ಝಿಮ ನಿಕಾಯದ ಒಂದು ಪ್ರಸಂಗ ಬಹು ಚೆನ್ನಾಗಿ ತೋರಿಸಿಕೊಡುತ್ತದೆ. ಕೋಲಿಯರ ನಾಡಿನಲ್ಲಿ ಇಬ್ಬರು ತಪಸ್ವಿಗಳಿದ್ದರು. ಪುಣ್ಣ ಎಂಬಾತನದು ಗೋವ್ರತ. ಅವನು ಎತ್ತಿನಂತೆ ಬಾಳುತ್ತಿದ್ದನು. ಸೇನಿಯ ಎಂಬಾತನದು ಶ್ವಾನವ್ರತ. ಅವನು ಬಟ್ಟೆಯನ್ನು ತೊರೆದು, ನೆಲದ ಮೇಲೆ ಎಸೆದ ಆಹಾರವನ್ನು ತಿನ್ನುತ್ತ, ನಾಯಿಯ ನಡವಳಿಕೆಯನ್ನು ಬಹುಕಾಲ ತಪ್ಪದೆ ಪಾಲಿಸಿದ್ದನು. ಇಂತಹ ಕಠಿಣ ವ್ರತದಿಂದ ದೇವಲೋಕ ಲಭಿಸುವುದೆಂದು ಅವರ ನಂಬಿಕೆ. ಒಂದು ದಿನ ಇಬ್ಬರೂ ಬುದ್ಧನಲ್ಲಿಗೆ ಬಂದರು. ಸೇನಿಯನಿಗೆ ಮುಂದೆ ಯಾವ ಗತಿ ದೊರೆಯುವುದೆಂದು ಪುಣ್ಣನು ಪ್ರಶ್ನಿಸಿದನು. ಅದನ್ನು ಕೇಳದಿರುವುದೇ ಒಳಿತೆಂದು ಬುದ್ಧನು ತಡೆದನು. ಪುಣ್ಣನು ಬಿಡದೆ ಮತ್ತೆ ಮತ್ತೆ ಕೇಳಿದಾಗ ಬುದ್ಧನು ಉತ್ತರಿಸಬೇಕಾಯಿತು. ನಾಯಿಯ ವ್ರತವನ್ನು ಪೂರ್ಣವಾಗಿ ಪಾಲಿಸಿದವನು ನಾಯಿಗಳ ಸಂಗವನ್ನು ಸೇರುತ್ತಾನೆ. ಅದರಿಂದ ದೇವನಾಗುವೆನೆಂಬ ತಪ್ಪು ದೃಷ್ಟಿಯೂ ಜೊತೆಗೂಡಿದರೆ ಅವನ ಗತಿ ಇನ್ನೂ ಕೆಳಗಿಳಿಯುತ್ತದೆ.

ಇದನ್ನು ಕೇಳಿ ಸೇನಿಯನು ಗಳಗಳನೆ ಅತ್ತನು. ಬುದ್ಧನ ಮಾತು ಕಟುವಾಯಿತೆಂದು ಅವನು ಅಳಲಿಲ್ಲ. ಇಷ್ಟು ದೀರ್ಘಕಾಲ ಈ ವ್ರತವನ್ನು ನಡೆಸಿದೆನಲ್ಲಾ ಎಂಬುದು ಅವನ ದುಃಖ. ಈ ಕಣ್ಣೀರನ್ನು ಸ್ವಲ್ಪ ನಿಂತು ನೋಡಬೇಕು. ಸೇನಿಯನಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ, ಶ್ರಮಕ್ಕೂ ಕೊರತೆಯಿರಲಿಲ್ಲ. ದೇಹವನ್ನು ದಂಡಿಸುವುದರಲ್ಲಿ ಅವನನ್ನು ಮೀರಿಸುವವರು ವಿರಳ. ಕೊರತೆಯಿದ್ದುದು ಅವೆಲ್ಲಕ್ಕೂ ಮೊದಲಿನದರಲ್ಲಿ. ದಾರಿ ತಪ್ಪಿದ ಬಂಡಿಗೆ ಎತ್ತುಗಳು ಬಲವಾಗಿದ್ದಷ್ಟೂ ಊರು ದೂರವಾಗುತ್ತ ಹೋಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತನ್ನ ತಪ್ಪನ್ನು ಕಂಡುಕೊಂಡ ಸೇನಿಯನು ಬುದ್ಧನ ಸಂಘವನ್ನು ಸೇರಿ, ಏಕಾಂತದಲ್ಲಿ ಸಾಧನೆ ನಡೆಸಿ, ಕಡೆಗೆ ಅರ್ಹಂತನಾದನು. ನಾಯಿಯ ವ್ರತಕ್ಕೆ ತೆತ್ತ ಅದೇ ದೃಢತೆ ಈಗ ಬೇರೊಂದು ದೃಷ್ಟಿಯ ಕೈಗೆ ಸಿಕ್ಕಿತು.

ಧಮ್ಮಪದದ ಮೊದಲ ಪದ್ಯ ಹುಟ್ಟಿದ ಸಂದರ್ಭವೆಂದು ಅದರ ವ್ಯಾಖ್ಯಾನದಲ್ಲಿ ಹೇಳಿರುವ ಕಥೆಯೂ ಇಲ್ಲಿ ಉಲ್ಲೇಖಾರ್ಹವಾದುದು. ಚಕ್ಷುಪಾಲನೆಂಬ ವೃದ್ಧ ಭಿಕ್ಷು ಕಣ್ಣುಗಳನ್ನು ಕಳೆದುಕೊಂಡಿದ್ದನು. ಮಳೆ ಬಂದು ನಿಂತ ಬಳಿಕ ಅವನು ಎಂದಿನಂತೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ಧ್ಯಾನಿಸುತ್ತಿದ್ದಾಗ ನೆಲದ ಮೇಲಿನ ಹುಳುಗಳು ಅವನ ಕಾಲಡಿಗೆ ಸಿಕ್ಕಿ ಸತ್ತವು. ಅದನ್ನು ಕಂಡ ಇತರ ಭಿಕ್ಷುಗಳು ಬುದ್ಧನಲ್ಲಿ ದೂರಿದರು. ಅವನು ಕೊಲ್ಲುತ್ತಿದ್ದುದನ್ನು ನೀವು ಕಣ್ಣಾರೆ ನೋಡಿದಿರಾ ಎಂದು ಬುದ್ಧನು ವಿಚಾರಿಸಿದನು. ನೋಡಲಿಲ್ಲವೆಂದು ಅವರು ಒಪ್ಪಿಕೊಂಡರು. ನೀವು ಅವನನ್ನು ಹೇಗೆ ಕಾಣಲಿಲ್ಲವೋ ಹಾಗೆಯೇ ಅವನೂ ಹುಳುಗಳನ್ನು ಕಾಣಲಿಲ್ಲ ಎಂದು ಬುದ್ಧನು ಆ ದೂರನ್ನು ತಳ್ಳಿಹಾಕಿದನು. ಬೌದ್ಧಮತದಲ್ಲಿ ಕರ್ಮವೆಂದರೆ ಮುಖ್ಯವಾಗಿ ಚೇತನೆ, ಅಂದರೆ ಬೇಕೆಂದು ಮಾಡುವ ಮನಸ್ಸು. ಕಾಲಿನ ಚಲನೆಯೊಂದರಿಂದಲೇ ಪಾಪಪುಣ್ಯಗಳನ್ನು ಅಳೆಯಲಾಗದು. ಕುರುಡನಾದ ಆ ವೃದ್ಧನಿಗೆ ದೃಷ್ಟಿಯಿತ್ತು. ಕಣ್ಣುಳ್ಳ ದೂರುದಾರರು ಅದನ್ನು ಕಾಣದೆ ಹೋದರು.

ಬುದ್ಧನ ಮತ ಕರ್ನಾಟಕಕ್ಕೆ ಹೊಸದೇನಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ದೊರೆತಿವೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲು ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಚಕ್ರವರ್ತಿಯು ಅಲ್ಲಿ ಬಂಡೆಯ ಮೇಲೆಯೇ ಒಪ್ಪಿಕೊಂಡಿದ್ದಾನೆ. ಮಂಗಳೂರಿನ ಕದ್ರಿಯಲ್ಲಿ 968ರ ಲೋಕೇಶ್ವರ ವಿಗ್ರಹವಿದೆ; ಬಳ್ಳಿಗಾವೆಯಲ್ಲಿ ತಾರಾದೇವಿಯ ಆರಾಧನೆ ನಡೆದಿತ್ತು. ಆಮೇಲೆ ಶತಮಾನಗಳ ಕಾಲ ಆ ಮತ ಈ ನೆಲದಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮರಳಿ ಬಂದಾಗ ಒಂದಕ್ಕಿಂತ ಹೆಚ್ಚು ದಾರಿಗಳಿಂದ ಬಂದಿತು. ಅವುಗಳಲ್ಲಿ ಒಂದು ದಾರಿ ಹರದನಹಳ್ಳಿಗೆ ಬಹಳ ದೂರವೇನಲ್ಲ.

ಹೊಳೆನರಸೀಪುರದಿಂದ ಅರಕಲಗೂಡು, ಕೊಣನೂರುಗಳ ಮಾರ್ಗವಾಗಿ ನೈಋತ್ಯ ದಿಕ್ಕಿಗೆ ಸಾಗಿದರೆ ಕಾವೇರಿಯ ದಡದ ಕುಶಾಲನಗರ ಸಿಗುತ್ತದೆ. ಹೊಳೆಯ ಆಚೆಗೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೈಲಕುಪ್ಪೆ. 1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದಾಗ ಸಾವಿರಾರು ಮಂದಿ ಅವರನ್ನು ಹಿಂಬಾಲಿಸಿದರು. ಆ ನಿರಾಶ್ರಿತರ ಪೈಕಿ ಒಂದು ಪಾಲು ಜನರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯ ಕಾಡುನೆಲದಲ್ಲಿ ಜಾಗ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಇಲ್ಲಿಯ ಬಿಸಿಲಿನಲ್ಲಿ ಕಾಡು ಕಡಿದು, ಮುಸುಕಿನ ಜೋಳ ಬಿತ್ತಿ, ಆನೆಗಳಿಂದ ಬೆಳೆಯನ್ನು ಕಾಯುತ್ತ ಬದುಕನ್ನು ಹೊಸದಾಗಿ ಆರಂಭಿಸಿದರು.

ಲಾಸಾ ನಗರದ ಬಳಿ 1419ರಲ್ಲಿ ಸ್ಥಾಪನೆಯಾದ ಸೇರಾ ವಿಹಾರದ ಭಿಕ್ಷುಗಳ ವೃತ್ತಾಂತ ಇನ್ನೂ ಕರುಣಾಜನಕವಾದುದು. ಭಾರತಕ್ಕೆ ಬಂದ ಅನೇಕರನ್ನು ಮೊದಲು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಬಂಧಿಸಿಟ್ಟಿದ್ದ ಸೆರೆಮನೆ ಅದು. ಅಲ್ಲಿಯ ತೇವದ ಹವೆಗೆ ಕ್ಷಯರೋಗ ಹರಡಿ ಹಲವರು ತೀರಿಕೊಂಡರು. ಉಳಿದವರಲ್ಲಿ ಸೇರಾದ ಸುಮಾರು 300 ಮಂದಿ 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದು ವಿಹಾರವನ್ನು ಮತ್ತೆ ಕಟ್ಟಿದರು. ಹಗಲು ಹೊಲದ ಕೆಲಸ, ಉಳಿದ ಹೊತ್ತಿನಲ್ಲಿ ಪಾಠ. ಗ್ರಂಥಗಳನ್ನು ಬಾಯಿಪಾಠ ಮಾಡಿದ್ದವರ ನೆನಪೇ ಆಗ ಅವರ ದೊಡ್ಡ ಪುಸ್ತಕ ಭಂಡಾರವಾಗಿತ್ತು. ಇಂದು ಅಲ್ಲಿ ಸಾವಿರಾರು ಭಿಕ್ಷುಗಳು ವ್ಯಾಸಂಗ ಮಾಡುತ್ತಾರೆ.

ಕೊಡಗಿನ ಪ್ರವಾಸಕ್ಕೆ ಹೋಗುವವರು ಬೈಲಕುಪ್ಪೆಯ ನಾಮ್ಡ್ರೋಲಿಂಗ್ ವಿಹಾರವನ್ನು ಸ್ವರ್ಣಮಂದಿರವೆಂದು ಕರೆದು, ಅಲ್ಲಿಯ ಮೂರು ಬೃಹತ್ ವಿಗ್ರಹಗಳ ಹೊಳಪನ್ನು ನೋಡಿ ಮರಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮಂದಿರದಲ್ಲಿ ದೀಪ ಹಚ್ಚುವ ವೃದ್ಧೆಯೊಬ್ಬಳು ಏನನ್ನು ಮಾಡುತ್ತಿದ್ದಾಳೆಂಬುದು ದೀಪವನ್ನು ನೋಡಿದ ಮಾತ್ರಕ್ಕೆ ತಿಳಿಯದು. ಹನ್ನೊಂದನೆಯ ಶತಮಾನದಲ್ಲಿ ಬಂಗಾಳದಿಂದ ಟಿಬೆಟ್ಟಿಗೆ ಹೋದ ಆಚಾರ್ಯ ಅತೀಶನು ಬೋಧಿಪಥಪ್ರದೀಪ ಎಂಬ ಚಿಕ್ಕ ಗ್ರಂಥದಲ್ಲಿ ಸಾಧಕರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಸಂಸಾರದೊಳಗಿನ ಸುಖವನ್ನು ಮಾತ್ರ ಬಯಸುವವನು ಮೊದಲನೆಯವನು. ಸಂಸಾರದ ಸುಖವೂ ನಿಲ್ಲುವಂತಹುದಲ್ಲವೆಂದು ಕಂಡು ತನ್ನ ಬಿಡುಗಡೆಯನ್ನು ಬಯಸುವವನು ಎರಡನೆಯವನು. ತನ್ನ ದುಃಖದ ಅನುಭವದಿಂದಲೇ ಪರರ ದುಃಖವನ್ನು ಅರಿತು, ಎಲ್ಲರ ದುಃಖವೂ ತೊಲಗಲೆಂದು ಬಯಸುವವನು ಮೂರನೆಯವನು. ಮೂವರೂ ದೀಪ ಹಚ್ಚಬಹುದು. ಎಣ್ಣೆ ಬತ್ತಿಗಳಲ್ಲಿ ವ್ಯತ್ಯಾಸವಿಲ್ಲ, ಬೆಳಕೂ ಒಂದೇ. ಒಬ್ಬನ ದೀಪ ಬೆಳೆ ಚೆನ್ನಾಗಲೆಂಬ ಹರಕೆ. ಇನ್ನೊಬ್ಬನದು ತನ್ನ ಅಜ್ಞಾನ ಕಳೆಯಲೆಂಬ ಪ್ರಾರ್ಥನೆ. ಮತ್ತೊಬ್ಬನದು ಲೋಕಕ್ಕೆಲ್ಲ ಸಲ್ಲುವ ಸಂಕಲ್ಪ. ಅತೀಶನು ಮೊದಲನೆಯವನನ್ನು ನಿಂದಿಸಿ ಹೊರಗೆ ಹಾಕಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಅವನೂ ದಾರಿಯಲ್ಲಿಯೇ ಇದ್ದಾನೆ. ಮೆಟ್ಟಿಲು ಮಾತ್ರ ಕೆಳಗಿನದು.

ದೃಷ್ಟಿ ಇಷ್ಟು ಮುಖ್ಯವಾದುದಾದರೆ ಅದನ್ನು ತಿದ್ದಿಕೊಳ್ಳುವುದು ಹೇಗೆ? ಗುರುವು ಹೇಳಿದುದನ್ನು ನಂಬಿದರೆ ಸಾಕೇ? ಸೇರಾದ ಭಿಕ್ಷುಗಳು ಸಾಕೆನ್ನುವುದಿಲ್ಲ. ಅಕ್ಕಸಾಲಿಗನು ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ತನ್ನ ಮಾತನ್ನೂ ಪರೀಕ್ಷಿಸಿ ಸ್ವೀಕರಿಸಬೇಕೆಂದು ಬುದ್ಧನು ತಿಳಿಸಿದನೆಂಬುದು ಅವರ ಪರಂಪರೆಯ ಮಾತು. ಆ ಒರೆಗಲ್ಲೇ ವಾದ. ವಿಹಾರದ ಅಂಗಳದಲ್ಲಿ ಒಬ್ಬನು ನೆಲದ ಮೇಲೆ ಕುಳಿತು ತನ್ನ ಪಕ್ಷವನ್ನು ಕಾಯುತ್ತಾನೆ. ಇನ್ನೊಬ್ಬನು ಎದುರು ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆಯ ಕೊನೆಗೆ ಕಾಲನ್ನು ನೆಲಕ್ಕೆ ಅಪ್ಪಳಿಸಿ, ಎರಡು ಕೈಗಳನ್ನೂ ಚಪ್ಪಾಳೆಯಾಗಿ ತಟ್ಟುತ್ತಾನೆ. ನೂರಾರು ಜೋಡಿಗಳು ಏಕಕಾಲದಲ್ಲಿ ವಾದಕ್ಕೆ ತೊಡಗಿದಾಗ ಹೊರಗಿನವರಿಗೆ ಅದು ಜಗಳದಂತೆಯೇ ಕೇಳಿಸುತ್ತದೆ. ಕುಳಿತವನು ದೊಡ್ಡ ಭಾಷಣ ಮಾಡುವಂತಿಲ್ಲ. ಒಪ್ಪಿದೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ ಎಂಬಂತಹ ಕೆಲವೇ ಉತ್ತರಗಳಿಗೆ ಅವನಿಗೆ ಅವಕಾಶ.

ಚಿಕ್ಕ ಹುಡುಗರಿಗೆ ಈ ಅಭ್ಯಾಸ ಬಣ್ಣಗಳಿಂದ ಆರಂಭವಾಗುತ್ತದೆ. ಬಣ್ಣವಾದುದೆಲ್ಲ ಕೆಂಪೇ ಎಂದು ಒಬ್ಬನು ಕೇಳುತ್ತಾನೆ. ಬಿಳಿಯ ಶಂಖದ ಬಣ್ಣವನ್ನು ಮುಂದಿಟ್ಟು ಇನ್ನೊಬ್ಬನು ಅದನ್ನು ಮುರಿಯುತ್ತಾನೆ. ಮಕ್ಕಳಾಟದಂತೆ ತೋರುವ ಈ ಪ್ರಶ್ನೆಯಲ್ಲಿ ದೊಡ್ಡ ಶಿಕ್ಷಣವೊಂದು ಅಡಗಿದೆ. ಕಂಡ ಒಂದನ್ನು ಹಿಡಿದು ಎಲ್ಲವೂ ಹಾಗೆಯೇ ಎನ್ನುವುದು ಮನುಷ್ಯನ ಹಳೆಯ ಚಾಳಿ. ಒಬ್ಬನಿಂದ ಮೋಸ ಹೋದವನು ಅವನ ಊರಿನವರೆಲ್ಲರನ್ನೂ ಮೋಸಗಾರರೆನ್ನುವಾಗ, ಬಣ್ಣವೆಲ್ಲ ಕೆಂಪೆಂದ ಹುಡುಗನಂತೆಯೇ ತರ್ಕಿಸುತ್ತಿರುತ್ತಾನೆ. ಅಲ್ಲಿಂದ ಮುಂದೆ ಧರ್ಮಕೀರ್ತಿಯ ಪ್ರಮಾಣಶಾಸ್ತ್ರ, ಚಂದ್ರಕೀರ್ತಿಯ ಮಾಧ್ಯಮಕ, ವಸುಬಂಧುವಿನ ಅಭಿಧರ್ಮ ಮೊದಲಾದವನ್ನು ಕ್ರಮವಾಗಿ ಓದಿ ಗೆಶೆ ಎಂಬ ಪದವಿಯನ್ನು ಪಡೆಯಲು ಸುಮಾರು ಇಪ್ಪತ್ತು ವರ್ಷ ಹಿಡಿಯುತ್ತದೆ. ಇವರೆಲ್ಲರೂ ಭಾರತದ ಆಚಾರ್ಯರೇ. ಭಾರತದಿಂದ ಹಿಮಾಲಯವನ್ನು ದಾಟಿ ಹೋದ ಗ್ರಂಥಗಳು ಟಿಬೆಟ್ ಭಾಷೆಯ ಉಡುಗೆಯಲ್ಲಿ ಕನ್ನಡ ನಾಡಿಗೆ ಬಂದು ಕಾವೇರಿಯ ಹತ್ತಿರ ಚರ್ಚೆಯಾಗುತ್ತಿವೆ.

ವಾದಶಿಕ್ಷಣವಿದ್ದ ಮಾತ್ರಕ್ಕೆ ಎಲ್ಲ ದೃಷ್ಟಿದೋಷಗಳೂ ಕಳೆದವೆಂದು ಭಾವಿಸಬಾರದು. ಈ ಉನ್ನತ ವ್ಯಾಸಂಗ ಶತಮಾನಗಳ ಕಾಲ ಪುರುಷರಿಗೆ ಮೀಸಲಾಗಿತ್ತು. ಸ್ತ್ರೀಯರು ಜಪ ಪೂಜೆಗಳಿಗೆ ಸಾಕೆಂಬ ಎಣಿಕೆ ಬೇರೂರಿತ್ತು. ಭಿಕ್ಷುಣಿಯರು ಅದೇ ಗ್ರಂಥಗಳನ್ನು ಓದಿ, ಅದೇ ರೀತಿಯಲ್ಲಿ ವಾದ ಮಾಡಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆ 2016ರ ಡಿಸೆಂಬರ್ ತಿಂಗಳಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ 20 ಮಂದಿ ಭಿಕ್ಷುಣಿಯರಿಗೆ ಗೆಶೆಮಾ ಪದವಿಯನ್ನು ನೀಡಲಾಯಿತು. ಗ್ರಂಥಗಳಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದುದು ಓದಬಲ್ಲವರು ಯಾರೆಂಬ ಎಣಿಕೆ.

ನಾಡನ್ನು ಕಳೆದುಕೊಂಡವರಿಗೆ ದೃಷ್ಟಿಯ ಪ್ರಶ್ನೆ ಅಂಗಳದ ವಾದವಾಗಿಯೇ ಉಳಿಯಲಿಲ್ಲ. ತನ್ನ ವಿಹಾರವನ್ನು ಕೆಡವಿದವನನ್ನು, ತನ್ನ ಬಂಧುವನ್ನು ಕೊಂದವನನ್ನು ಯಾವ ಕಣ್ಣಿನಿಂದ ನೋಡಬೇಕು? ಎಂಟನೆಯ ಶತಮಾನದ ಶಾಂತಿದೇವನು ಬೋಧಿಚರ್ಯಾವತಾರದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಏಟು ಬಿದ್ದಾಗ ನೋಯಿಸಿದ್ದು ಕೋಲು. ಆದರೂ ಯಾರೂ ಕೋಲಿನ ಮೇಲೆ ಸಿಟ್ಟಾಗುವುದಿಲ್ಲ, ಅದನ್ನು ಬೀಸಿದವನ ಮೇಲೆ ಸಿಟ್ಟಾಗುತ್ತಾರೆ. ಬೀಸಿದವನಾದರೋ ದ್ವೇಷದ ಕೈಯಲ್ಲಿನ ಕೋಲು. ಹಾಗಾದರೆ ಸಿಟ್ಟು ಸಲ್ಲಬೇಕಾದುದು ದ್ವೇಷಕ್ಕೆ ಎಂದು ಅವನ ತರ್ಕ. ಇದನ್ನು ಓದುವಾಗ ತಲೆದೂಗುವುದು ಸುಲಭ. ಏಟು ತಿನ್ನುವಾಗ ನೆನೆಯುವುದು ಸುಲಭವಲ್ಲ. ದಲಾಯಿ ಲಾಮಾ ಅವರು ತಮ್ಮ ಪರಿಚಯದ ಒಬ್ಬ ಭಿಕ್ಷುವಿನ ಸಂಗತಿಯನ್ನು ಹಲವು ಬಾರಿ ಹೇಳಿದ್ದಾರೆ. ಆ ಭಿಕ್ಷು ಚೀನಾದ ಸೆರೆಯಲ್ಲಿ ಸುಮಾರು 18 ವರ್ಷ ಕಳೆದು 1980ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದನು. ಅಲ್ಲಿ ಕೆಲವು ಸಲ ತನಗೆ ಅಪಾಯ ಎದುರಾಗಿತ್ತೆಂದು ಅವನು ತಿಳಿಸಿದಾಗ, ಪ್ರಾಣಾಪಾಯವಿರಬೇಕೆಂದು ತಿಳಿದು ಲಾಮಾ ಅವರು ವಿಚಾರಿಸಿದರು. ಚೀನೀಯರ ಬಗೆಗೆ ತನ್ನ ಕರುಣೆ ಕಳೆದುಹೋಗುವ ಅಪಾಯ ಎಂದು ಅವನು ಉತ್ತರಿಸಿದನಂತೆ. ಅವನು ತನ್ನ ನಾಡಿಗೆ ಆದ ಅನ್ಯಾಯವನ್ನು ನ್ಯಾಯವೆಂದು ಕರೆಯಲಿಲ್ಲ. ಸೆರೆಮನೆಯ 18 ವರ್ಷಗಳೂ ಅವನಿಗೆ ಸಾಧನೆಯ ವರ್ಷಗಳಾದುದು ಏಕೆಂದರೆ, ಕಾಪಾಡಬೇಕಾದುದು ಯಾವುದೆಂಬ ವಿಷಯದಲ್ಲಿ ಅವನ ದೃಷ್ಟಿ ಕದಲಲಿಲ್ಲ.

ಕರ್ನಾಟಕಕ್ಕೆ ಬೌದ್ಧಮತ ಮರಳಿ ಬಂದ ಇನ್ನೊಂದು ದಾರಿ ಡಾ. ಬಿ. ಆರ್. ಅಂಬೇಡ್ಕರ್ ಅವರು ತೆರೆದುದು. ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ದೀಕ್ಷೆಯನ್ನು ಪಡೆದರು. ಅವರು ಬರೆದ 'ಬುದ್ಧ ಮತ್ತು ಆತನ ಧಮ್ಮ' ಎಂಬ ಗ್ರಂಥ ಅವರ ಮರಣಾನಂತರ 1957ರಲ್ಲಿ ಪ್ರಕಟವಾಯಿತು. ಸಿದ್ಧಾರ್ಥನು ಮನೆ ಬಿಟ್ಟುದಕ್ಕೆ ರೋಗಿ, ಮುದುಕ, ಹೆಣಗಳ ದರ್ಶನವೇ ಕಾರಣವೆಂಬ ಪ್ರಸಿದ್ಧ ಕಥೆಯನ್ನು ಅವರು ಒಪ್ಪಲಿಲ್ಲ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಒದಗಿದ ವಿವಾದದಲ್ಲಿ ಯುದ್ಧವನ್ನು ವಿರೋಧಿಸಿದುದರಿಂದ ಅವನು ಹೊರಡಬೇಕಾಯಿತೆಂದು ಅವರು ಪ್ರತಿಪಾದಿಸಿದರು. ದುಃಖವೆಂದರೆ ವೃದ್ಧಾಪ್ಯ ಮರಣಗಳಷ್ಟೇ ಅಲ್ಲ, ಮನುಷ್ಯನು ಮನುಷ್ಯನಿಗೆ ಮಾಡುವ ಅನ್ಯಾಯವೂ ದುಃಖವೇ ಎಂಬುದು ಅವರ ದೃಷ್ಟಿ.

ಈ ದೃಷ್ಟಿಯ ಬೆಲೆ ತಿಳಿಯಬೇಕಾದರೆ ಅದಕ್ಕೆ ವಿರುದ್ಧವಾದುದನ್ನು ನೋಡಬೇಕು. ಬಡವನ ಬಡತನಕ್ಕೆ, ಅಸ್ಪೃಶ್ಯನ ಅವಮಾನಕ್ಕೆ ಅವನ ಹಿಂದಿನ ಜನ್ಮದ ಪಾಪವೇ ಕಾರಣವೆಂದು ನಂಬಿದರೆ ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂದು ಅಂಬೇಡ್ಕರ್ ಅವರು ಸ್ಪಷ್ಟವಾಗಿ ಬರೆದರು. ನೊಂದವನೂ ತನ್ನ ಹಣೆಬರಹವೆಂದು ಸುಮ್ಮನಾಗುತ್ತಾನೆ. ಇಂದಿನ ಸುಖದುಃಖಗಳೆಲ್ಲಕ್ಕೂ ಹಿಂದೆ ಮಾಡಿದುದೊಂದೇ ಕಾರಣವೆಂಬ ವಾದವನ್ನು ಪಾಲಿ ಗ್ರಂಥಗಳಲ್ಲಿಯೇ ಬುದ್ಧನು ತಪ್ಪು ದೃಷ್ಟಿಗಳ ಸಾಲಿಗೆ ಸೇರಿಸಿರುವುದು ಇಲ್ಲಿ ಸ್ಮರಣೀಯ. ಕಲಬುರಗಿಯ ಬುದ್ಧ ವಿಹಾರದಲ್ಲಿ ಇಂದು ಕೈಮುಗಿಯುವ ಅನೇಕರಿಗೆ ತ್ರಿಶರಣವೆಂದರೆ ಸಮಾನತೆಯ ಘೋಷಣೆಯೂ ಹೌದು. ಬೈಲಕುಪ್ಪೆಯ ಭಿಕ್ಷುವೂ ಅದೇ ಮೂರು ಶರಣಗಳನ್ನು ಹೇಳುತ್ತಾನೆ. ಒಬ್ಬನ ಸಾಧನೆ ತನ್ನೊಳಗಿನ ದ್ವೇಷವನ್ನು ಕೀಳುವುದರಲ್ಲಿ ಹೆಚ್ಚಾಗಿ ತೊಡಗಿದೆ. ಇನ್ನೊಬ್ಬನದು ಹೊರಗಿನ ಅನ್ಯಾಯವನ್ನು ಕೀಳುವುದರಲ್ಲಿ. ಇವೆರಡರಲ್ಲಿ ಯಾವುದು ನಿಜವಾದ ಬೌದ್ಧಮತವೆಂದು ವಾದಿಸುವವರೂ ಇದ್ದಾರೆ.

ಅಂತಹ ವಾದದಲ್ಲಿಯೂ ಒಂದು ಅಪಾಯವಿದೆಯೆಂದು ಬುದ್ಧನು ಬಹಳ ಹಿಂದೆಯೇ ಎಚ್ಚರಿಸಿದ್ದನು. ಹಾವನ್ನು ಹಿಡಿಯಬೇಕಾದವನು ಕವೆಗೋಲಿನಿಂದ ಅದನ್ನು ನೆಲಕ್ಕೊತ್ತಿ ಕುತ್ತಿಗೆಯನ್ನು ಹಿಡಿಯಬೇಕು. ಬಾಲವನ್ನು ಹಿಡಿದರೆ ಅದು ತಿರುಗಿ ಕಚ್ಚುತ್ತದೆ. ಧರ್ಮವನ್ನು ಕಲಿತು ಅದನ್ನು ಪರರನ್ನು ಹಳಿಯುವುದಕ್ಕೂ ವಾದದಲ್ಲಿ ಗೆಲ್ಲುವುದಕ್ಕೂ ಬಳಸುವವನು ಹಾವನ್ನು ಬಾಲದಿಂದ ಹಿಡಿದವನು. ಅದೇ ಬೋಧೆಯಲ್ಲಿ ತೆಪ್ಪದ ಹೋಲಿಕೆಯೂ ಬರುತ್ತದೆ. ತುಂಬಿದ ಹೊಳೆಯನ್ನು ತೆಪ್ಪದಿಂದ ದಾಟಿದವನು, ಉಪಕಾರ ಮಾಡಿತೆಂದು ಅದನ್ನು ತಲೆಯ ಮೇಲೆ ಹೊತ್ತು ನಡೆಯುವುದಿಲ್ಲ; ದಡದಲ್ಲಿ ಬಿಟ್ಟು ಮುಂದೆ ಹೋಗುತ್ತಾನೆ. ಸರಿಯಾದ ದೃಷ್ಟಿಯನ್ನು ಕೂಡ ನನ್ನದೆಂದು ಅಪ್ಪಿಕೊಂಡು ಕುಳಿತರೆ ಅದು ತಲೆಯ ಮೇಲಿನ ತೆಪ್ಪವಾಗುತ್ತದೆ. ಸೇರಾದ ಅಂಗಳದಲ್ಲಿ ಇಂದು ಕುಳಿತು ಪಕ್ಷವನ್ನು ಕಾಯ್ದವನು ಇನ್ನೊಂದು ದಿನ ಎದ್ದು ನಿಂತು ಅದೇ ಪಕ್ಷವನ್ನು ಪ್ರಶ್ನಿಸಬೇಕಾಗುವುದರಲ್ಲಿ ಈ ಎಚ್ಚರವೂ ಇದೆ.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿ ಚಂದ್ರಲಾಂಬೆಯ ಪ್ರಸಿದ್ಧ ಕ್ಷೇತ್ರವಿದೆ. ಆ ಆವರಣದ ಕಾಳಿಯ ಗುಡಿಯಲ್ಲಿ ದೇವಿಯ ವಿಗ್ರಹವನ್ನು ಒಂದು ದೊಡ್ಡ ಚಪ್ಪಡಿಯ ಮೇಲೆ ನಿಲ್ಲಿಸಿದ್ದರು. ವಿಗ್ರಹವನ್ನು ಕೂರಿಸುವುದಕ್ಕಾಗಿ ಅದರ ನಡುವೆ ಚೌಕವಾದ ರಂಧ್ರವನ್ನು ಕೊರೆದಿದ್ದರು. ಪೂಜೆಗೆ ಬಂದವರಿಗೆ ಅದು ದೇವಿಯ ಪೀಠ. ಅವರ ಭಕ್ತಿಗೆ ಅದರಿಂದ ಯಾವ ಊನವೂ ಇರಲಿಲ್ಲ. 1980ರ ದಶಕದಲ್ಲಿ ಗುಡಿಯ ಛಾವಣಿ ಕುಸಿದು ಪೀಠವನ್ನು ಹೊರಕ್ಕೆ ತೆಗೆದಾಗ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಾಣಿಸಿದವು. ಅಶೋಕನ ಶಾಸನಗಳು ಅದರಲ್ಲಿದ್ದವು. ಹನ್ನೆರಡನೆಯ ಶಿಲಾಶಾಸನವೂ ಅವುಗಳಲ್ಲಿ ಒಂದು. ತನ್ನ ಮತದ ಮೇಲಿನ ಅಭಿಮಾನದಿಂದ ಪರಮತವನ್ನು ಹೀಗಳೆಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂದೂ, ಪರರ ಧರ್ಮವನ್ನು ಕಿವಿಗೊಟ್ಟು ಕೇಳಬೇಕೆಂದೂ ಚಕ್ರವರ್ತಿಯು ಅದರಲ್ಲಿ ಬರೆಯಿಸಿದ್ದಾನೆ. ವಿಗ್ರಹಕ್ಕಾಗಿ ಕೊರೆದ ಕಡೆಯಲ್ಲಿ ಮಾತ್ರ ಕೆಲವು ಅಕ್ಷರಗಳು ನಷ್ಟವಾಗಿವೆ.